ಕನ್ನಡಿಯಲ್ಲಿ ಬಂದ ಬಿಸಿಲು: ವಿ.ಕೆ. ಮೂರ್ತಿ ಬೆಳಕಿನಲ್ಲಿ ಬರೆದ ಕಥೆ

ಸಿನಿಮಾ ವಿಮರ್ಶೆಗಳ ಕೊನೆಯಲ್ಲಿ ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’ ಎಂಬ ಸಾಲೊಂದು ಬಂದುಹೋಗುತ್ತದೆ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಕೆಲಸಕ್ಕೆ ಆ ಸಾಲು ಏನೇನೂ ಸಾಲದು. ಪಾತ್ರಗಳು ಬಾಯಿಬಿಟ್ಟು ಹೇಳಲಾರದ್ದನ್ನು ಅವರ ಬೆಳಕು ಹೇಳುತ್ತಿತ್ತು.

ನೆರಳನ್ನು ಕಥೆಗೆ ದುಡಿಸಿಕೊಳ್ಳುವ ಕಲೆ ಹಿಂದಿ ಚಿತ್ರರಂಗದಲ್ಲಿ ಬೇರೂರಲು 1934ರಲ್ಲಿ ಆರಂಭವಾದ ಚಿತ್ರನಿರ್ಮಾಣ ಸಂಸ್ಥೆ ಬಾಂಬೆ ಟಾಕೀಸ್ ದೊಡ್ಡ ಕಾರಣ. ಅಲ್ಲಿಗೆ ಜರ್ಮನಿಯಿಂದ ಬಂದಿದ್ದ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ 1949ರ ‘ಮಹಲ್’ ಚಿತ್ರದಲ್ಲಿ ಕತ್ತಲೆಯಿಂದಲೇ ಭಯ ಹುಟ್ಟಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಮೂರ್ತಿ ಮುಂಬೈಗೆ ಹೋಗಿ, 1951ರ ‘ಬಾಜಿ’ಯಲ್ಲಿ ಸಹಾಯಕರಾಗಿದ್ದಾಗ ನಿರ್ದೇಶಕ ಗುರುದತ್ ಅವರ ಕಣ್ಣಿಗೆ ಬಿದ್ದರು. ಮರುವರ್ಷದ ‘ಜಾಲ್’ನಿಂದ ಅವರೇ ಗುರುದತ್ ಅವರ ಛಾಯಾಗ್ರಾಹಕ.

ಈ ಜೋಡಿಯ ಶಿಖರ 1959ರ ‘ಕಾಗಜ್ ಕೆ ಫೂಲ್’, ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ. ಅಗಲವಾದ ಪರದೆ ಸಿಕ್ಕರೆ ಅದನ್ನು ಜನಜಂಗುಳಿಯಿಂದ ತುಂಬಿಸುವ ಆಸೆ ಸಹಜ. ಇವರು ತೋರಿಸಿದ್ದು ಖಾಲಿತನವನ್ನು. ಬರಿದಾದ ಸ್ಟುಡಿಯೊದಲ್ಲಿ ಕಥಾನಾಯಕನಾದ ವಿವಾಹಿತ ನಿರ್ದೇಶಕ ಮತ್ತು ಅವನು ಪ್ರೀತಿಸುವ ನಟಿ ದೂರದೂರ ನಿಂತಿದ್ದಾರೆ. ಮೇಲಿನಿಂದ ಓರೆಯಾಗಿ ಬೆಳಕಿನ ಕೋಲೊಂದು ಇಳಿಯುತ್ತದೆ. ಹಿನ್ನೆಲೆಯಲ್ಲಿ ಹಾಡು, ಇಬ್ಬರ ತುಟಿಯೂ ಅಲುಗುವುದಿಲ್ಲ. ಅವರ ದೇಹಗಳಿಂದ ಛಾಯಾರೂಪಗಳು ಎದ್ದು ಬಂದು ಆ ಬೆಳಕಿನಲ್ಲಿ ಸೇರುತ್ತವೆ. ದೇಹಗಳು ಮಾತ್ರ ನಿಂತಲ್ಲೇ ನಿಂತಿರುತ್ತವೆ. ಮದುವೆ, ಲೋಕ, ಕಾಲ ಎಲ್ಲವೂ ಆ ನಡುವಿನ ಜಾಗದಲ್ಲಿವೆ.

ಸ್ಟುಡಿಯೊ ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಸೂರ್ಯನ ಕಿರಣ ಹೆಚ್ಚುಕಡಿಮೆ ಒಂದೇ ದಪ್ಪದಲ್ಲಿ ನೇರವಾಗಿ ಬರುತ್ತದೆ. ಹಾಗಾಗಿ ಆ ಬೆಳಕಿನ ಕೋಲಿಗಾಗಿ ಮೂರ್ತಿ ಒಂದು ದೊಡ್ಡ ಕನ್ನಡಿಯನ್ನು ಹೊರಗೆ ಬಿಸಿಲಿನಲ್ಲಿ ಇರಿಸಿ, ಅದು ಎಸೆದ ಬೆಳಕನ್ನು ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಗೆ ಹಿಡಿದು ಕೆಳಕ್ಕೆ ಇಳಿಸಿದರು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸಬೇಕಾದ ಕೆಲಸವಿದು.

ಇದಕ್ಕೂ ಮೂರು ವರ್ಷ ಮೊದಲು ಬಂಗಾಳದಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಎದುರು ದಿಕ್ಕಿನಲ್ಲಿ ನಡೆದಿದ್ದರು. ಸತ್ಯಜಿತ್ ರೇ ಅವರ ‘ಅಪರಾಜಿತೊ’ ಚಿತ್ರಕ್ಕಾಗಿ ಸ್ಟುಡಿಯೊದಲ್ಲಿ ಕಟ್ಟಿದ ಕಾಶಿಯ ಮನೆಯಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪದ ಬೆಳಕನ್ನು ಅದಕ್ಕೆ ತಾಗಿಸಿ ಕೆಳಗೆ ಬೀಳಿಸಿದರು. ನೆರಳುಗಳು ಕರಗಿ, ಅಂಗಳಕ್ಕೆ ನಿಜವಾದ ಹಗಲು ಬಂತು. ಒಬ್ಬರಿಗೆ ಬೆಳಕು ಮರೆಯಾಗಬೇಕಿತ್ತು, ಇನ್ನೊಬ್ಬರಿಗೆ ಎದ್ದು ಕಾಣಬೇಕಿತ್ತು. ಎರಡೂ ಕಥೆ ಕೇಳಿದ ಬೆಳಕೇ.

‘ಕಾಗಜ್ ಕೆ ಫೂಲ್’ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಮೂರ್ತಿ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ನ ಮುಜರಾ (ಮೆಹಫಿಲಿನ ನೃತ್ಯ) ಹಾಡೊಂದರಲ್ಲಿ ಅವರು ಮುಖ್ಯ ನರ್ತಕಿಯನ್ನಷ್ಟೇ ಬೆಳಗಿಸಿ, ಸಹನರ್ತಕಿಯರನ್ನು ಹಾಡಿನುದ್ದಕ್ಕೂ ನೆರಳಿನಲ್ಲೇ ಕುಣಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1969ರಿಂದ ಕೊಡುತ್ತಿರುವ ಆ ಗೌರವ ಛಾಯಾಗ್ರಾಹಕರೊಬ್ಬರಿಗೆ ಸಿಕ್ಕಿದ್ದು ಅದೇ ಮೊದಲು.