ಡಾಲ್ಫಿನ್ ಫೋಟೋಕ್ಕೆ ನೀರಿಗೆ ಹಾರಬೇಕೆ?

ಪ್ರಶ್ನೆ: ನಾನು ಶಿರಸಿ ಕಡೆಯವನು. ಹೊಳೆಯಲ್ಲಿ ಈಜು ಕಲಿತಿದ್ದೇನೆ, ಒಂದೂವರೆ ನಿಮಿಷ ಉಸಿರು ಕಟ್ಟಬಲ್ಲೆ. ಕಾರವಾರದಲ್ಲಿ ಡಾಲ್ಫಿನ್ ಕಾಣುತ್ತವಂತೆ. ಸಿಲಿಂಡರ್ ಇಲ್ಲದೆ ಮುಳುಗಿ, ಅವುಗಳ ಜೊತೆ ಈಜುತ್ತ ಫೋಟೋ ತೆಗೆಯಬಹುದೇ? ಯಾವ ಕ್ಯಾಮೆರಾ ಒಳ್ಳೆಯದು?

ಕ್ಯಾಮೆರಾದ ಮಾತು ಕೊನೆಗಿರಲಿ. ಕಾರವಾರಕ್ಕೆ ಬಂದಾಗ ಮೊದಲು ಕಾಳಿ ಸೇತುವೆಯ ಹತ್ತಿರ ನಿಂತು ಒಮ್ಮೆ ಕೆಳಗೆ ನೋಡಿ. ಹೊಳೆ ಕಡಲು ಸೇರುವಲ್ಲಿ ನೀರು ಬಹಳ ದಿನ ಚಹಾದ ಬಣ್ಣದಲ್ಲೇ ಇರುತ್ತದೆ. ನೀವು ಹುಡುಕಿಕೊಂಡು ಬಂದ ಡಾಲ್ಫಿನ್ನಿಗೆ ಒಗ್ಗಿದ್ದು ಅದೇ ನೀರು. ನಿಮ್ಮ ಕ್ಯಾಮೆರಾಕ್ಕೆ ಒಗ್ಗದ್ದೂ ಅದೇ.

ದೇವಬಾಗ, ಕೂರ್ಮಗಡದ ಸುತ್ತ ಬೋಟಿನವರು ತೋರಿಸುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಶಾಸ್ತ್ರದ ಹೆಸರು ಸೂಸಾ ಪ್ಲಂಬಿಯಾ. ದಂಡೆ ಬಿಟ್ಟು ದೂರ ಹೋಗದ, ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದಲ್ಲಿ, ಅಳಿವೆಗಳ ಆಸುಪಾಸಿನಲ್ಲಿ ಮೀನು ಹಿಡಿದು ಬದುಕುವ ಜೀವಿ. ಡಾಲ್ಫಿನ್ನಿನ ಸಂಬಂಧಿಯಾದ, ಬೆನ್ನರೆಕ್ಕೆಯೇ ಇಲ್ಲದ ಸಣ್ಣ ಪಾರ್ಪಾಯಿಸ್ ಕೂಡ ಈ ಕಡಲಲ್ಲಿದೆ, ಆದರೆ ಅದು ಜಿಗಿದು ತೋರಿಸಿಕೊಳ್ಳುವ ಜಾತಿಯಲ್ಲ. ಕದಡಿದ ನೀರಿನಲ್ಲಿ ಡಾಲ್ಫಿನ್ ಕಣ್ಣಿಗಿಂತ ಹೆಚ್ಚಾಗಿ ಸದ್ದನ್ನು ನಂಬುತ್ತದೆ. ತಾನೇ ಹೊರಡಿಸಿದ ಕ್ಲಿಕ್ ಸದ್ದು ತಿರುಗಿ ಬರುವುದನ್ನು ಕೇಳಿ ಮುಂದಿರುವುದು ಏನೆಂದು ಅರಿಯುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ನಿಮಗೆ ಅದು ಕಾಣುವ ಎಷ್ಟೋ ಮೊದಲೇ ಅದಕ್ಕೆ ನೀವು ಗೊತ್ತಾಗಿರುತ್ತೀರಿ.

ಇದನ್ನು ನಾನು ಓದಿ ತಿಳಿದದ್ದಲ್ಲ, ಹಾರಿ ತಿಳಿದದ್ದು. ಕೂರ್ಮಗಡದ ಆಚೆ ಬೋಟಿನಿಂದ ಇಪ್ಪತ್ತು ಮೀಟರ್ ದೂರದಲ್ಲಿ ಮೂರು ಬೆನ್ನುಗಳು ಎದ್ದವು. ಮಾಸ್ಕ್ ಏರಿಸಿ ಧುಮುಕಿದೆ. ನೀರೊಳಗೆ ಕೈ ಚಾಚಿದರೆ ಮೊಣಕೈವರೆಗೆ ನನ್ನದು, ಅದರಾಚೆ ಹಸಿರು ಮಂಜು. ಮೇಲೆ ಬಂದಾಗ ಬೋಟಿನ ಹಿರಿಯರು ಬೀಡಿ ಹಚ್ಚುತ್ತ, ‘ನೀ ನೀರಿಗೆ ಹಾರೂದ್ಕೂ ಅದು ಗೋವಾ ಕಡೆ ಹೋಗೂದ್ಕೂ ಒಂದೇ ಆಯ್ತು ನೋಡು ತಮ್ಮಾ’ ಅಂದರು. ಆ ದಿನದ ಏಕೈಕ ಫೋಟೋದಲ್ಲಿ ನನ್ನದೇ ಹೆಬ್ಬೆರಳಿದೆ.

ಹಾಗಾಗಿ ನೇರ ಉತ್ತರ: ಕಾರವಾರದ ಡಾಲ್ಫಿನ್ನನ್ನು ಬೋಟಿನ ಮೇಲೆ ಕೂತೇ ತೆಗೆಯಿರಿ. ಉಸಿರನ್ನು ನೇತ್ರಾಣಿ ದ್ವೀಪಕ್ಕೆ ಉಳಿಸಿಕೊಳ್ಳಿ.

ಬೋಟಿನ ಮೇಲಿನ ಫೋಟೋ ಎಂದರೆ ಎರಡನೇ ದರ್ಜೆಯದು ಎಂದು ಬೇಸರ ಬೇಡ. ಗೂನುಬೆನ್ನಿನದು ಏಳುವ ಬಗೆಯೇ ಚೆಂದ. ಮೊದಲು ಉದ್ದ ಮೂತಿ ಓರೆಯಾಗಿ ಮೇಲೆ ಬರುತ್ತದೆ, ಹಿಂದೆಯೇ ಗೂನು, ಅದರ ಮೇಲೆ ಕುಳಿತ ಚಿಕ್ಕ ರೆಕ್ಕೆ. ಒಂದಾದ ಮೇಲೊಂದು ಕೆಲವು ಸಲ ಹೀಗೆ ಎದ್ದು ಉಸಿರು ಬಿಟ್ಟು, ಆಮೇಲೆ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿತೋ, ಆಳಕ್ಕೆ ಹೊರಟಿತು ಎಂದೇ ಅರ್ಥ. ಬಾಲ ನೀರಿಂದ ಮೇಲೇಳುವುದಿದ್ದರೆ ಆಗಲೇ. ಹೊಸಬರು ಮೊದಲ ಬೆನ್ನಿಗೇ ಗುಂಡಿ ಒತ್ತಿ ಬರೀ ನೀರಿನ ವೃತ್ತ ಮನೆಗೊಯ್ಯುತ್ತಾರೆ. ಮೊದಲನೆಯದನ್ನು ನೋಡಿ ದಿಕ್ಕು ತಿಳಿದುಕೊಳ್ಳಿ, ಎರಡನೆಯದಕ್ಕೆ ಲೆನ್ಸ್ ಹೊಂದಿಸಿ, ಮೂರನೆಯದನ್ನು ತೆಗೆಯಿರಿ. ಶಟರ್ 1/1000ಕ್ಕಿಂತ ನಿಧಾನ ಬೇಡ. ಗಾಳಿ ಏಳುವ ಮೊದಲು, ಬೆಳಗಿನ ಹೊತ್ತಿನಲ್ಲೇ ಹೊರಡಿ. ಬೆನ್ನರೆಕ್ಕೆಯ ಕಚ್ಚು, ಗಾಯದ ಗುರುತು ನೋಡಿಯೇ ಸಂಶೋಧಕರು ಒಂದೊಂದು ಡಾಲ್ಫಿನ್ನನ್ನೂ ಗುರುತು ಹಿಡಿಯುತ್ತಾರೆ. ಪಕ್ಕದಿಂದ ತೆಗೆದ ಸ್ಪಷ್ಟ ರೆಕ್ಕೆಯ ಫೋಟೋ ಜಿಗಿತದ ಫೋಟೋಗಿಂತ ಹೆಚ್ಚು ಕೆಲಸಕ್ಕೆ ಬರುವುದುಂಟು.

ಬೋಟಿನವರಿಗೆ ‘ಇನ್ನೂ ಹತ್ತಿರ, ಇನ್ನೂ ಹತ್ತಿರ’ ಎಂದು ದುಂಬಾಲು ಬೀಳಬೇಡಿ. ಇಂಜಿನ್ ನಿಧಾನ ಮಾಡಿ ಪಕ್ಕದಲ್ಲಿ ಸಾಗಿದರೆ ಅವು ತಮ್ಮ ಪಾಡಿಗೆ ಇರುತ್ತವೆ. ಅಡ್ಡಗಟ್ಟಿದರೆ, ತಾಯಿ ಮರಿಯ ನಡುವೆ ನುಗ್ಗಿದರೆ ಅಲ್ಲಿಗೆ ಮುಗಿಯಿತು. ಇದು ಬರೀ ಸೌಜನ್ಯದ ಮಾತಲ್ಲ. ಡಾಲ್ಫಿನ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಮತ್ತು ಆ ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟುವುದು, ಆಮಿಷ ಒಡ್ಡುವುದೂ ಅದರೊಳಗೆ ಬರುತ್ತದೆ.

ಇನ್ನು ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲೊಳಗಿರುವ ಗುಡ್ಡ. ಹೊಳೆಗಳ ಕೆಸರು ಅಷ್ಟು ದೂರ ಅಷ್ಟಾಗಿ ಮುಟ್ಟುವುದಿಲ್ಲ, ಹಾಗಾಗಿ ಬಂಡೆಗಳ ಮೇಲೆ ಹವಳ ಹಿಡಿದಿದೆ. ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಮೇ ತನಕ ಅಲ್ಲಿಗೆ ಸ್ಕೂಬಾದವರ, ಅಂದರೆ ಸಿಲಿಂಡರ್ ಹೊತ್ತು ಮುಳುಗುವವರ, ಬೋಟುಗಳು ಹೋಗುತ್ತವೆ. ನೀವೂ ಅವರ ಜೊತೆಗೇ ಹೋಗಬೇಕು, ಸಿಲಿಂಡರ್ ಇಲ್ಲದೆ ಮುಳುಗುವ ವಿಚಾರವನ್ನು ಮೊದಲೇ ಹೇಳಿ ಒಪ್ಪಿಸಿರಬೇಕು. ದಾರಿಯಲ್ಲಿ ಡಾಲ್ಫಿನ್ ಸಿಕ್ಕರೆ ನಿಮ್ಮ ಪುಣ್ಯ. ಅದನ್ನೇ ನಂಬಿ ಹೋಗಬೇಡಿ.

ಅಲ್ಲಿ ಉಸಿರು ಕಟ್ಟಿ ಮುಳುಗುವುದರ ಲಾಭ ಒಂದೇ, ಆದರೆ ದೊಡ್ಡದು: ಗುಳ್ಳೆ ಇಲ್ಲ, ಗುಳ್ಳೆಯ ಸದ್ದೂ ಇಲ್ಲ. ಬಂಡೆಯ ಪಕ್ಕ ಸುಮ್ಮನೆ ನಿಂತರೆ ಗಿಳಿಮೀನು ಬಂಡೆ ಕೆರೆಯುವ ಕರಕರ ಕೇಳುತ್ತದೆ, ಯಾರೋ ಹುರಿಗಡಲೆ ಅಗಿದ ಹಾಗೆ. ಪಾಚಿಗಾಗಿ ಹವಳದ ಕಲ್ಲನ್ನೇ ಕಚ್ಚಿ, ಅರೆದು, ಹಿಂದಿನಿಂದ ಮರಳಾಗಿ ಸುರಿಯುತ್ತ ಹೋಗುತ್ತದೆ. ಅಟ್ಟಿಸಿಕೊಂಡು ಹೋದರೆ ಅದರ ಬಾಲದ ಫೋಟೋ ಮಾತ್ರ ಸಿಗುತ್ತದೆ. ಅದು ಮೇಯುವ ಬಂಡೆಯ ಹತ್ತಿರ ಮುಂಚೆಯೇ ಇಳಿದು ಕಾದರೆ ಮುಖ ಸಿಗುತ್ತದೆ. ಹವಳಕ್ಕೆ ಮಾತ್ರ ಕೈ ಊರಬೇಡಿ, ಕಾಲಿಗೆ ಹಾಕಿದ ಫಿನ್ ತಾಗಿಸಬೇಡಿ. ಅದಕ್ಕೂ ಕಾಯ್ದೆಯ ರಕ್ಷಣೆ ಇದೆ.

ಈಗ ನಿಮ್ಮ ಒಂದೂವರೆ ನಿಮಿಷದ ಲೆಕ್ಕ. ಅದು ಕಟ್ಟೆ ಮೇಲೆ ಕೂತು ಎಣಿಸಿದ್ದಾದರೆ, ಕಾಲು ಬಡಿದು ಇಳಿಯುವಾಗ ಅರ್ಧವಾದರೂ ಆಶ್ಚರ್ಯವಿಲ್ಲ. ‘ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಟ್ಟು ಮುಳುಗಿದರೆ ಹೆಚ್ಚು ಹೊತ್ತು ಇರಬಹುದು’ ಎಂದು ಯಾರಾದರೂ ಹೇಳಿಕೊಟ್ಟಿದ್ದರೆ ಇವತ್ತೇ ಮರೆತುಬಿಡಿ. ಉಸಿರು ಬೇಕು ಎಂದು ಎದೆ ಒದ್ದಾಡುವುದು ಆಮ್ಲಜನಕ ಕಡಿಮೆಯಾಗಿದ್ದಕ್ಕಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದ್ದಕ್ಕೆ. ಜೋರಾಗಿ ಉಸಿರಾಡಿದರೆ ಅದು ಹೊರಗೆ ಹೋಗುತ್ತದೆ, ಆಮ್ಲಜನಕವೇನೂ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಎಚ್ಚರಿಸುವ ಗಂಟೆಯನ್ನು ಬಿಚ್ಚಿಟ್ಟು ಮುಳುಗಿದಂತೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದ ಎರಡು ಪಟ್ಟು ಇರುವುದರಿಂದ, ಇದ್ದಷ್ಟೇ ಆಮ್ಲಜನಕವೂ ರಕ್ತಕ್ಕೆ ಇಳಿಯುತ್ತಿರುತ್ತದೆ, ಆರಾಮ ಅನ್ನಿಸುತ್ತದೆ. ಮೇಲೆ ಬರಬರುತ್ತ ಒತ್ತಡ ಅರ್ಧಕ್ಕಿಳಿದಾಗ ಅದು ಸಾಲದೆ, ನೀರಿನ ಮೇಲ್ಮೈಗೆ ಇನ್ನೇನು ಕೈ ತಾಗಬೇಕು ಅನ್ನುವಷ್ಟರಲ್ಲಿ ಪ್ರಜ್ಞೆ ಹೋಗುತ್ತದೆ. ಒದ್ದಾಟ ಇಲ್ಲ, ಕೂಗು ಇಲ್ಲ. ಆದ್ದರಿಂದ ಇಬ್ಬರು ಹೋಗಬೇಕು, ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲೆ. ಕೆಳಗಿದ್ದವ ಎದ್ದು ಬಂದ ಮೇಲೂ ಅರ್ಧ ನಿಮಿಷ ಅವನ ಮುಖದಿಂದ ಕಣ್ಣು ತೆಗೆಯಬಾರದು. ಅವನೂ ಕ್ಯಾಮೆರಾ ಹಿಡಿದಿದ್ದರೆ ಇಬ್ಬರೂ ಒಬ್ಬೊಬ್ಬರೇ ಮುಳುಗಿದ ಲೆಕ್ಕ. ತರಬೇತುದಾರರ ಹತ್ತಿರ ಒಂದು ಕೋರ್ಸ್ ಮಾಡಿ. ಲೆನ್ಸಿಗೆ ಸುರಿಯುವ ದುಡ್ಡಿನಲ್ಲಿ ಅದು ಆಗಿಹೋಗುತ್ತದೆ.

ಕಿವಿ ನೋಯುವ ಮೊದಲೇ ಸರಿಮಾಡಿಕೊಳ್ಳಬೇಕು, ನೋವು ಶುರುವಾದ ಮೇಲಲ್ಲ. ಮೂಗು ಹಿಡಿದು ಒಳಗಿಂದ ಗಾಳಿ ಒತ್ತುವುದನ್ನು ಮೊದಲ ಮೀಟರಿನಿಂದಲೇ ಮೇಲಿಂದ ಮೇಲೆ ಮಾಡುತ್ತಿರಿ. ನೆಗಡಿ ಇದ್ದ ದಿನ ಬೋಟಿನಲ್ಲೇ ಕೂರಿ. ಹೊಳೆಯಲ್ಲಿ ಮುಳುಗಿದಷ್ಟು ಸಲೀಸಾಗಿ ಉಪ್ಪುನೀರಿನಲ್ಲಿ ಮುಳುಗಲೂ ಆಗುವುದಿಲ್ಲ, ಅದು ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ಮತ್ತೊಂದು ಮಾತು, ಘಟ್ಟದ ಮೇಲಿನವರಿಗೇ ಹೇಳುವಂಥದ್ದು: ಆಸೆಯಾಗಿ ಸ್ಕೂಬಾವನ್ನೂ ಮಾಡಿದಿರಾದರೆ, ಆ ದಿನ ಮತ್ತೆ ಉಸಿರು ಕಟ್ಟಿ ಮುಳುಗುವ ಹಾಗಿಲ್ಲ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಸಿಲಿಂಡರಿನ ಗಾಳಿಯಿಂದ ರಕ್ತದಲ್ಲಿ ಸೇರಿದ ಸಾರಜನಕ ಇಳಿಯಲು ಹೊತ್ತು ಬೇಕು, ಅಷ್ಟರೊಳಗೆ ಎತ್ತರಕ್ಕೆ ಏರಿದರೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಗುಳ್ಳೆಗಟ್ಟಬಹುದು. ಸಂಜೆಯೇ ದೇವಿಮನೆ ಘಟ್ಟ ಹತ್ತದೆ ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿಯಿರಿ.

ಕೊನೆಗೆ ಕ್ಯಾಮೆರಾ. ಬೋಟಿಗೆ 300 ಎಂ.ಎಂ. ಆಸುಪಾಸಿನ ಲೆನ್ಸ್ ಇದ್ದರೆ ಯಾವುದಾದರೂ ಆಗುತ್ತದೆ. ನೀರೊಳಗೆ ಅದರ ಉಲ್ಟಾ: ಅಗಲ ಕಾಣುವ ಲೆನ್ಸ್, ಮತ್ತು ಮೀನಿಗೆ ಒಂದು ಮಾರಿನೊಳಗಿನ ದೂರ. ನಡುವೆ ನೀರು ಹೆಚ್ಚಿದಷ್ಟೂ ಚಿತ್ರ ಮಬ್ಬು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯ, ಫ್ಲ್ಯಾಶ್ ನೇರ ಹೊಡೆದರೆ ತೇಲುವ ಕಣಗಳೆಲ್ಲ ರವೆ ಚೆಲ್ಲಿದ ಹಾಗೆ ಹೊಳೆಯುತ್ತವೆ. ಹೊಸಬರು ಫ್ಲ್ಯಾಶ್ ಬಿಟ್ಟು, ಬಿಸಿಲಿರುವಾಗ ಮೂರ್ನಾಲ್ಕು ಮೀಟರಿನಲ್ಲೇ ತೆಗೆಯುವುದು ಸುಖ. ನನ್ನ ಮೊದಲ ಕ್ಯಾಮೆರಾ ಸತ್ತದ್ದು ಆಳದಲ್ಲಲ್ಲ, ಹೌಸಿಂಗಿನ, ಅಂದರೆ ಕ್ಯಾಮೆರಾ ಕೂರಿಸುವ ನೀರು ಹೊಗದ ಪೆಟ್ಟಿಗೆಯ, ರಬ್ಬರ್ ರಿಂಗಿನ ಮೇಲೆ ಕೂತ ಕಾರವಾರದ ಒಂದು ಮರಳಿನ ಕಾಳಿನಿಂದ. ಹೌಸಿಂಗನ್ನು ಬೀಚಿನಲ್ಲಿ ತೆರೆಯಬೇಡಿ. ಹೊರಡುವ ಹಿಂದಿನ ರಾತ್ರಿ ಕೋಣೆಯಲ್ಲಿ ರಿಂಗ್ ಒರೆಸಿ, ಕ್ಯಾಮೆರಾ ಬದಲು ಒಂದು ಒಣ ಟಿಶ್ಯೂ ಒಳಗಿಟ್ಟು ಮುಚ್ಚಿ, ಬಕೆಟ್ಟಿನಲ್ಲಿ ಅರ್ಧ ತಾಸು ಮುಳುಗಿಸಿಡಿ. ಟಿಶ್ಯೂ ಒಣಗಿಯೇ ಇದ್ದರೆ ಮರುದಿನ ಬೋಟು ಹತ್ತಿ.