ಮಗುವಿಗೆ ಐದು ತುಂಬುವ ಮೊದಲೇ ಊರು ಬಿಡಬೇಕಾ?

ಪ್ರಶ್ನೆ: ನನಗೆ ಡೈವೋರ್ಸ್ ಆಗಿದೆ. ಮಗಳು ನನ್ನ ಜೊತೆ ವಿರಾಜಪೇಟೆಯ ತವರುಮನೆಯಲ್ಲಿದ್ದಾಳೆ. ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಅವಳನ್ನು ಕರೆದುಕೊಂಡು ಹೋಗಬಹುದಾ? ಮುಂದಿನ ತಿಂಗಳು ಅವಳಿಗೆ ಐದು ತುಂಬುತ್ತದೆ. ಅದಕ್ಕೆ ಮೊದಲೇ ಹೊರಟುಬಿಡು, ಆಮೇಲೆ ಅಪ್ಪನಿಗೇ ಕೊಡಬೇಕಾಗುತ್ತದೆ ಅಂತ ಮನೆಯವರು ಅವಸರ ಮಾಡುತ್ತಿದ್ದಾರೆ.

ಹೋಗಬಹುದು. ಆದರೆ ಪೆಟ್ಟಿಗೆ ಕಟ್ಟುವ ಮೊದಲು ಕೋರ್ಟಿನ ಆರ್ಡರ್ ಕಾಪಿ ತೆಗೆದು ಪೂರ್ತಿ ಓದಿ. ಮಗಳ ಹುಟ್ಟುಹಬ್ಬಕ್ಕೆ ಕೇಕ್ ತನ್ನಿ, ಅವಸರ ಬೇಡ.

ಈ ಐದು ವರ್ಷದ ಕಥೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಗೋಣಿಕೊಪ್ಪದ ಸಂತೆಯಲ್ಲೂ ಅದೇ ಮಾತು, ಮಡಿಕೇರಿ ಕೋರ್ಟಿನ ಜಗಲಿಯಲ್ಲೂ ಅದೇ ಮಾತು. ಐದರ ತನಕ ಅಮ್ಮ, ಆಮೇಲೆ ಅಪ್ಪ. ಓದಿದವರೂ ಹೇಳುತ್ತಾರೆ. ಹೇಳುವವರಲ್ಲಿ ಕಾಯ್ದೆ ತೆರೆದು ನೋಡಿದವರು ಮಾತ್ರ ಸಿಕ್ಕಿಲ್ಲ.

ತೆರೆದೇ ನೋಡೋಣ. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆ, 6ನೇ ಸೆಕ್ಷನ್. ಮಗುವಿನ ಸ್ವಾಭಾವಿಕ ಪೋಷಕ ಅಪ್ಪ, ಅವನ ನಂತರ ಅಮ್ಮ ಅಂತ ಅದು ಹೇಳುತ್ತದೆ. ಐದು ತುಂಬದ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರ ಇರಬೇಕು ಅಂತಲೂ ಹೇಳುತ್ತದೆ. ಅಲ್ಲಿಗೆ ಮುಗಿಯಿತು. ಐದು ತುಂಬಿದ ದಿನ ಮಗುವನ್ನು ಅಪ್ಪನಿಗೆ ಒಪ್ಪಿಸಬೇಕು ಅನ್ನುವ ಸಾಲು ಅಲ್ಲಿ ಇಲ್ಲ. ಮಗು ಏನು ಗುತ್ತಿಗೆಗೆ ಕೊಟ್ಟ ಗದ್ದೆಯಾ, ಅವಧಿ ಮುಗಿಯಿತು ಅಂತ ಮಾಲೀಕರಿಗೆ ವಾಪಸ್ ಹೋಗೋಕೆ?

ಅದೇ ಕಾಯ್ದೆಯ 13ನೇ ಸೆಕ್ಷನ್ ಯಾರೂ ಓದುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಮಗುವಿನ ಹಿತ ಅಂತ ಇರುವುದು ಅಲ್ಲಿ. ಕಸ್ಟಡಿ ನಿಮಗೆ ಅಂತ ಆರ್ಡರ್ ಆಗಿದ್ದರೆ, ಐದು ತುಂಬಿದ ಮಾತ್ರಕ್ಕೆ ಅದು ಬಿದ್ದುಹೋಗುವುದಿಲ್ಲ. ಬದಲಾಗಬೇಕು ಅಂದರೆ ಅಪ್ಪ ಅರ್ಜಿ ಹಾಕಬೇಕು, ಬದಲಾವಣೆಯಿಂದ ಮಗುವಿಗೆ ಒಳ್ಳೆಯದು ಅಂತ ಜಡ್ಜ್ ಮುಂದೆ ತೋರಿಸಬೇಕು. ಮಗು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಜಡ್ಜ್ ಕೇಳಬಹುದು.

ಆಗ ಇನ್ನೊಂದು ವಾದ ಬರುತ್ತದೆ: ಕಾನೂನಿನಲ್ಲಿ ಪೋಷಕ ಅಪ್ಪ ತಾನೇ? ಪೋಷಕತ್ವ ಬೇರೆ, ಕಸ್ಟಡಿ ಬೇರೆ. ಮಗುವಿನ ಹೆಸರಿನ ಆಸ್ತಿ, ಬ್ಯಾಂಕಿನ ಕಾಗದ, ಇಂಥದ್ದಕ್ಕೆಲ್ಲ ಪೋಷಕರು ಬೇಕು. ಮಗು ಯಾರ ಮನೆಯಲ್ಲಿ ಉಂಡು ಮಲಗುತ್ತದೆ ಅನ್ನುವುದು ಕಸ್ಟಡಿ. ಅದೂ ಅಲ್ಲದೆ, 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತು. ಅಪ್ಪ ಬದುಕಿದ್ದರೂ ಮಗುವಿನ ಜವಾಬ್ದಾರಿ ನೋಡಿಕೊಳ್ಳದಿದ್ದರೆ ಅಮ್ಮ ಸ್ವಾಭಾವಿಕ ಪೋಷಕಿ ಆಗಬಹುದು.

ಇಷ್ಟಕ್ಕೂ ನಂಬದವರಿಗೆ 2010ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತೇನೆ. ಒಪ್ಪಿಗೆಯ ಡೈವೋರ್ಸ್. ಮಗ ಅಮ್ಮನ ಹತ್ತಿರ ಇದ್ದ, ಐದು ಯಾವಾಗಲೋ ದಾಟಿತ್ತು. ಅಮ್ಮನಿಗೆ ಆಸ್ಟ್ರೇಲಿಯಾದಲ್ಲಿ ಕೆಲಸ. ಡೈವೋರ್ಸ್ ಆಗುವಾಗ ಒಪ್ಪಿದ ಷರತ್ತು ಈಗ ಬದಲಿಸುವ ಹಾಗಿಲ್ಲ ಅಂತ ಅಪ್ಪನ ವಾದ. ಜಡ್ಜ್‌ಗಳು ಹುಡುಗನ ಜೊತೆ ತಾವೇ ಮಾತಾಡಿದರು. ಕಸ್ಟಡಿ ಆರ್ಡರ್ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಮಗುವಿನ ಹಿತಕ್ಕೆ ಬದಲಿಸಬಹುದು ಅಂದರು, ಅಮ್ಮನ ಜೊತೆ ಹೋಗಲು ಬಿಟ್ಟರು. ಆಸ್ಟ್ರೇಲಿಯಾಕ್ಕೇ ಕಳಿಸಿದ ಕೋರ್ಟು ಬೆಂಗಳೂರು ಅಂದರೆ ಬೆಚ್ಚಿಬೀಳುತ್ತಾ?

ಬೀಳುವುದಿಲ್ಲ. ಆದರೆ ಹೇಳದೆ ಕೇಳದೆ ರಾತ್ರಿ ಬಸ್ ಹತ್ತಿದರೆ ಕೋಪ ಬರುತ್ತದೆ. ಆರ್ಡರ್‌ನಲ್ಲಿ ಏನಿದೆ ಅನ್ನುವುದು ಇಲ್ಲೇ ಮುಖ್ಯ. ಪ್ರತಿ ಶನಿವಾರ ಅಪ್ಪ ಮಗುವನ್ನು ನೋಡಬಹುದು ಅಂತ ಇದ್ದರೆ, ಬೆಂಗಳೂರಿಗೆ ಹೋದ ಮೊದಲ ವಾರವೇ ಆರ್ಡರ್ ಮುರಿದ ಹಾಗೆ. ಆರ್ಡರ್ ಕೊಟ್ಟ ಕೋರ್ಟಿಗೇ ಅರ್ಜಿ ಹಾಕಿ, ಭೇಟಿಯ ದಿನಗಳನ್ನು ಬದಲಿಸಿಕೊಳ್ಳಿ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಇರುವುದೇ ಇಂಥ ಬದಲಾವಣೆಗೆ. ಅನುಮತಿ ಇಲ್ಲದೆ ಜಿಲ್ಲೆ ಬಿಡಬಾರದು ಅಂತ ಇದ್ದರಂತೂ ಮಾತೇ ಇಲ್ಲ, ಮೊದಲು ಅನುಮತಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ (ಪೋಷಕರನ್ನು ನೇಮಿಸುವ ಕಾಯ್ದೆ) ಕೋರ್ಟೇ ನಿಮ್ಮನ್ನು ಪೋಷಕಿ ಅಂತ ನೇಮಿಸಿದ್ದರೂ ಅಷ್ಟೇ. ಆ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಆರ್ಡರ್‌ನಲ್ಲಿ ಊರಿನ ವಿಷಯ, ಭೇಟಿಯ ವಿಷಯ ಎರಡೂ ಇಲ್ಲವಾ? ಆಗಲೂ ಹೊಸ ವಿಳಾಸ, ಶಾಲೆ, ಫೋನ್ ನಂಬರ್ ಬರೆದು ಅಪ್ಪನಿಗೆ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಡೈವೋರ್ಸ್ ಇನ್ನೂ ಆಗದೆ ಸುಮ್ನೆ ಬೇರೆ ಇರುವವರಿಗೂ ಒಂದು ಮಾತು. ಊರು ಬದಲಿಸಿದ ತಕ್ಷಣ ಕೋರ್ಟು ಬದಲಾಗುವುದಿಲ್ಲ. ಪೋಷಕತ್ವದ ಅರ್ಜಿ ನಡೆಯುವುದು ಮಗು ಸಾಮಾನ್ಯವಾಗಿ ವಾಸ ಇರುವ ಕಡೆ. ನಿನ್ನೆ ಕರೆದುಕೊಂಡು ಹೋಗಿ ಇಂದು ಅದೇ ವಾಸ ಅಂದರೆ ಜಡ್ಜ್ ನಂಬುವುದಿಲ್ಲ.

ಹೊಸ ಭೇಟಿ ಪಟ್ಟಿ ಬರೆಯುವಾಗ ನಮ್ಮ ಜಿಲ್ಲೆಯನ್ನು ನೆನಪಿಡಿ. ರೈಲಿಲ್ಲ. ಜುಲೈ ಮಳೆಗೆ ಘಾಟಿ ಯಾವಾಗ ಕುಸಿಯುತ್ತದೋ ಗೊತ್ತಿಲ್ಲ, 2018ರ ಭೂಕುಸಿತ ಯಾರೂ ಮರೆತಿಲ್ಲ. ಪುಟ್ಟ ಮಗುವನ್ನು ವಾರ ವಾರ ಬಸ್ಸಿನಲ್ಲಿ ಓಡಾಡಿಸುವ ಬದಲು ಬೇಸಿಗೆ ರಜೆಯ ಅರ್ಧ, ದಸರಾ ರಜೆ, ಮಧ್ಯೆ ವಿಡಿಯೋ ಕಾಲ್ ಅಂತ ಬರೆಸಿ. ದೂರ ಇರುವ ತಂದೆ ಅಥವಾ ತಾಯಿಗೆ ವಿಡಿಯೋ ಕಾಲ್ ಸಿಗಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ನೀವು ಕೇಳಿಲ್ಲ, ಆದರೆ ಕೊಡವ ಮನೆಗಳಲ್ಲಿ ಜಗಳದ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ: ಮಗು ನಮ್ಮ ಒಕ್ಕದ್ದು, ಅಂದರೆ ಅಪ್ಪನ ಕಡೆಯ ಕುಲದ್ದು, ಹೊರಗೆ ಹೋದರೆ ಒಕ್ಕದಿಂದಲೇ ಹೋಯಿತು ಅನ್ನುವ ಭಯ. ಮಗು ಬೆಂಗಳೂರಿನಲ್ಲಿ ಓದಿದರೆ ಮನೆಹೆಸರು ಅಳಿಸುವುದಿಲ್ಲ. ಅಪ್ಪನ ಒಕ್ಕದ ಎಷ್ಟು ಜನ ಈಗ ಊರಿನಲ್ಲಿದ್ದಾರೆ? ಅರ್ಧಕ್ಕರ್ಧ ಬೆಂಗಳೂರು, ಮೈಸೂರಿನಲ್ಲೇ ಇದ್ದಾರಲ್ವಾ. ಒಕ್ಕದ ಹಿರಿಯರಾದ ಪಟ್ಟೇದಾರರ ಮಾತಿಗೆ ಐನ್‌ಮನೆಯಲ್ಲಿ (ಒಕ್ಕದ ಮೂಲಮನೆ) ಬೆಲೆ ಇದೆ, ಇರಲಿ. ಕಸ್ಟಡಿ ತೀರ್ಮಾನ ಮಾತ್ರ ಕೋರ್ಟಿನದ್ದು. ಆದರೂ ಆ ಭಯವನ್ನು ತಳ್ಳಿಹಾಕಬೇಡಿ. ಸುಗ್ಗಿಯ ಹಬ್ಬ ಪುತ್ತರಿಗೆ ಮಗಳು ಅಪ್ಪನ ಐನ್‌ಮನೆಗೆ ಬರುತ್ತಾಳೆ ಅಂತ ನೀವಾಗಿಯೇ ಅರ್ಜಿಯಲ್ಲಿ ಬರೆಸಿ, ಎದುರು ವಕೀಲರ ಅರ್ಧ ವಾದ ಕರಗುತ್ತದೆ.

ಹಾಗೆ ಬರೆಸುವಾಗ ತಾರೀಖು ಹಾಕಬೇಡಿ. ಪುತ್ತರಿಯ ದಿನ ಪ್ರತಿ ವರ್ಷ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾಗುತ್ತದೆ. ‘ಪುತ್ತರಿಯ ಹಿಂದಿನ ದಿನದಿಂದ ಮೂರು ದಿನ’ ಅಂತ ಇದ್ದರೆ ಸಾಕು.