ಭಾವಚಿತ್ರದಲ್ಲಿ ಹಣೆ ಏಕೆ ಕಿರಿದಾಗುತ್ತದೆ?

ಹಾಸನದಲ್ಲಿ ನಾನು ನಡೆಸುವ ಭಾನುವಾರದ ತರಗತಿಗೆ ಬರುವವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು. ತಾಯಿಯದೋ ಮೊಮ್ಮಗುವಿನದೋ ಮುಖವನ್ನು ತಮ್ಮ ಕೈಯಾರೆ ಬರೆಯಬೇಕೆಂಬ ಆಸೆಯಿಂದ ಪೆನ್ಸಿಲ್ ಹಿಡಿದವರು. ಅವರ ಮೊದಲ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದೇ ದೋಷವಿರುತ್ತದೆ: ಕಣ್ಣುಗಳು ತೀರ ಮೇಲೇರಿ, ಹಣೆ ಎರಡು ಬೆರಳಿನಷ್ಟೇ ಉಳಿದಿರುತ್ತದೆ. ಮಾತನಾಡುವಾಗ ನಾವು ಎದುರಿನವರ ಕಣ್ಣು, ಬಾಯಿಗಳನ್ನು ನೋಡುತ್ತೇವೆಯೇ ಹೊರತು ನೆತ್ತಿಯನ್ನಲ್ಲ. ಆದ್ದರಿಂದ ಕೈಯೂ ಅವಕ್ಕೆ ಧಾರಾಳವಾಗಿ ಜಾಗ ಕೊಟ್ಟು, ತಲೆಬುರುಡೆಯ ವಿಷಯದಲ್ಲಿ ಜಿಪುಣತನ ತೋರುತ್ತದೆ. ವಯಸ್ಕರಲ್ಲಿ ಕಣ್ಣುಗಳಿರುವುದು ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸುಮಾರು ಅರ್ಧದಲ್ಲಿ. ಎಳೆಯ ಮಕ್ಕಳಲ್ಲಿ ಇನ್ನೂ ಕೆಳಗೆ.

ನಮ್ಮ ಶಿಲ್ಪಶಾಸ್ತ್ರದಲ್ಲಿ ವಿಗ್ರಹದ ಅಂಗಗಳ ಅಳತೆ ಹೇಳುವ ತಾಳಮಾನವು ಮುಖವನ್ನು 12 ಅಂಗುಲವೆಂದು (ಇಲ್ಲಿ ಅಂಗುಲವೆಂದರೆ ಇಂಚಲ್ಲ, ಒಂದು ಸಮಪಾಲು) ಹಿಡಿದು, ಹಣೆಗೆ 4, ಮೂಗಿಗೆ 4, ಮೂಗಿನ ಬುಡದಿಂದ ಗದ್ದದವರೆಗೆ 4 ಎಂದು ಹಂಚುತ್ತದೆ. ಕಲಿಯುವವರಿಗೆ ಇದು ಒಳ್ಳೆಯ ಊರುಗೋಲು. ಆದರೆ ಬೇಲೂರಿನ ಮದನಿಕೆಯರನ್ನು ನಕಲು ಮಾಡಿ ಭಾವಚಿತ್ರ ಕಲಿಯಲು ಹೊರಟವರಿಗೆ ನಾನು ಹೇಳುವುದು ಇಷ್ಟು: ಅಲ್ಲಿರುವುದು ಆದರ್ಶದ ಮುಖ, ನಿಮ್ಮ ಎದುರು ಕುಳಿತವರ ಮುಖ ಆ ಅಳತೆಯಿಂದ ಎಲ್ಲಿ ತಪ್ಪುತ್ತದೆಯೋ ಅಲ್ಲಿಯೇ ಅವರ ಹೋಲಿಕೆ ಇದೆ.

ನಿವೃತ್ತ ಬ್ಯಾಂಕ್ ನೌಕರರೊಬ್ಬರು ಪತ್ನಿಯ ಚಿತ್ರಕ್ಕಾಗಿ ಮೂರು ವಾರ ರೆಪ್ಪೆಗೂದಲನ್ನೇ ತಿದ್ದುತ್ತ ಕುಳಿತು, ಕೊನೆಗೆ, "ಮೇಷ್ಟ್ರೇ, ಇದು ನಮ್ಮ ಮನೆಯವರಲ್ಲ, ಅವರ ತಂಗಿಯ ಹಾಗಿದೆ" ಎಂದರು. ಮುಂದಿನ ವಾರ ಆಕೆಯನ್ನೇ ಕರೆತರಲು ಹೇಳಿ, ಕಿಟಕಿಯ ಪಕ್ಕ ಕೂರಿಸಿದೆವು. ಪತಿಯ ಕೈಗೆ ಒಂದು ಊದುಬತ್ತಿ ಕಡ್ಡಿ ಕೊಟ್ಟು, ಮೊಣಕೈ ಮಡಚದೆ ಮುಂದೆ ಚಾಚಿಸಿ, ಒಂದು ಕಣ್ಣು ಮುಚ್ಚಿ, ಮೂಗಿನ ಉದ್ದವನ್ನು ಹೆಬ್ಬೆರಳಿನಿಂದ ಗುರುತಿಸಲು ಹೇಳಿದೆ. ಅದೇ ಅಳತೆಯನ್ನು ಮೂಗಿನ ಬುಡದಿಂದ ಕೆಳಗಿಳಿಸಿದಾಗ ಕಡ್ಡಿ ಗದ್ದವನ್ನು ದಾಟಿ ಹೋಯಿತು. ಚಿತ್ರದಲ್ಲಿ ಮಾತ್ರ ಎರಡೂ ಸಮನಾಗಿದ್ದವು. ಅವರು ಒಲ್ಲದ ಮನಸ್ಸಿನಿಂದ ದವಡೆಯನ್ನು ಅಳಿಸಿ, ಗದ್ದವನ್ನು ಒಂದು ಉಗುರಿನಷ್ಟು ಮೇಲೆತ್ತಿದರು. ಕಣ್ಣನ್ನು ಮುಟ್ಟಲೇ ಇಲ್ಲ, ಆದರೂ ಮನೆಯವರು ಬಂದರು.

ಎದುರು ಕೂರುವವರು ಸಿಗದಿದ್ದರೆ ಮೊಬೈಲಿನ ಫೋಟೊ ಆದೀತು, ಆದರೆ ತೋಳಿನಳತೆಯ ಸೆಲ್ಫಿ ಬೇಡ. ಅಷ್ಟು ಹತ್ತಿರದಲ್ಲಿ ಮೂಗು ಕಿವಿಗಿಂತ ಕ್ಯಾಮೆರಾಕ್ಕೆ ಎಷ್ಟೋ ಸಮೀಪವಿರುವುದರಿಂದ ಮೂಗು ಉಬ್ಬುತ್ತದೆ, ಕಿವಿಗಳು ಹಿಂದೆ ಸರಿದು ಕುಗ್ಗುತ್ತವೆ. ಅಂಥ ಫೋಟೊ ನೋಡಿ ಬರೆದುಕೊಟ್ಟ ಚಿತ್ರವೊಂದು ನನಗೇ ಹಿಂದಿರುಗಿ ಬಂದದ್ದಿದೆ. ಏಳೆಂಟು ಅಡಿ ದೂರ ನಿಂತು, ಜೂಮ್ ಮಾಡಿ, ಒಂದೇ ಬದಿಯಿಂದ ಬೆಳಕು ಬೀಳುವಂತೆ ತೆಗೆಯಬೇಕು.

ನೆರಳು ಹಾಕುವಾಗ ಬೆರಳಿನಿಂದ ಉಜ್ಜಬೇಡಿ. ಚರ್ಮದ ಜಿಡ್ಡು ಕಾಗದದಲ್ಲಿ ಕಲೆಯಾಗಿ ನಿಲ್ಲುತ್ತದೆ. ಕಣ್ಣಿನ ಬಿಳಿಯನ್ನು ಕಾಗದದಷ್ಟೇ ಬಿಳಿಯಾಗಿ ಬಿಡಲೂ ಬಾರದು: ಗುಡ್ಡೆ ದುಂಡಗಿದೆ, ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ.

ಬಣ್ಣದ ವಿಷಯ ದೊಡ್ಡದು. ಸದ್ಯಕ್ಕೆ, ಅಂಗಡಿಯಲ್ಲಿ ಸ್ಕಿನ್ ಕಲರ್ ಎಂದು ಕೊಡುವ ಗುಲಾಬಿ ಛಾಯೆಯ ಟ್ಯೂಬ್ ನಮ್ಮ ಮೈಬಣ್ಣಕ್ಕೆ ಒಗ್ಗುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಬರ್ನ್ಟ್ ಸಿಯೆನಾ (ಕೆಂಪು ಬೆರೆತ ಕಂದು), ಯೆಲ್ಲೊ ಓಕರ್ (ಮಣ್ಣಿನ ಹಳದಿ), ನೆರಳಿಗೆ ಚೂರು ಅಲ್ಟ್ರಾಮರೀನ್ ನೀಲಿ ಇಟ್ಟುಕೊಂಡು ಆರಂಭಿಸಿ. ತೈಲವರ್ಣದಲ್ಲಾದರೆ ಬಿಳಿಯನ್ನು ಕೈ ಬಿಗಿಹಿಡಿದು ಸೇರಿಸಿ, ಹೆಚ್ಚಾದರೆ ಮುಖಕ್ಕೆ ಸುಣ್ಣ ಬಳಿದಂತಾಗುತ್ತದೆ.